ಕೈ ಬೀಸಿಕೊಂಡು ಹೋದವಳು

ಆಫ್ರಿಕಾದ ಮಲಾವಿ ದೇಶದ ಲಿಲೋಂಗ್ವೆಯ ವಿಮಾನ ನಿಲ್ದಾಣದಲ್ಲಿ ಸಾಮಾನು ಸುತ್ತಿ ಬರುವ ಬೆಲ್ಟ್ ಬಹಳ ಪುಟ್ಟದು. ನನ್ನ ಜೊತೆ ಇಳಿದವರೆಲ್ಲ ಟಿ.ವಿ. ಪೆಟ್ಟಿಗೆ, ಟೈರು, ಹಗ್ಗ ಬಿಗಿದ ರಟ್ಟಿನ ಡಬ್ಬಗಳನ್ನು ಎತ್ತಿಕೊಂಡು ಹೊರಟುಹೋದ ಮೇಲೂ ಅದು ಯಾರದೋ ಒಂದು ಕೊಡೆಯನ್ನು ಹೊತ್ತು ಸುತ್ತುತ್ತಲೇ ಇತ್ತು. ಬಟ್ಟೆ ತುಂಬಿದ ನೀಲಿ ಚೀಲ ಬಂದಿತ್ತು. ಕಪ್ಪು ಚೀಲ ಬಂದಿರಲಿಲ್ಲ. ಆ ಕೊಡೆ ಹದಿನೇಳನೆಯ ಬಾರಿ ನನ್ನ ಮುಂದೆ ಹಾದುಹೋದಾಗ ಯಾರೋ ಗುಂಡಿ ಒತ್ತಿ ಬೆಲ್ಟ್ ನಿಲ್ಲಿಸಿದರು.

ನೀಲಿ ಚೀಲ ಕಳೆದು ಕಪ್ಪು ಚೀಲ ಬಂದಿದ್ದರೆ ನಾನು ಅಷ್ಟು ಕಂಗೆಡುತ್ತಿರಲಿಲ್ಲ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕಸುಬು, 22 ವರ್ಷದಿಂದ ಅದೇ. ಕಪ್ಪು ಚೀಲದಲ್ಲಿ ಇದ್ದದ್ದು ನನ್ನ ಹತಾರಗಳು: ಎರಡು ಸೆಟ್ ಸ್ಕ್ರೂಡ್ರೈವರ್, ಸಾಲ್ಡರಿಂಗ್ ಐರನ್, ಮಲ್ಟಿಮೀಟರ್, ಮೂರು ಬಗೆಯ ಇಕ್ಕಳ, ಫ್ಯೂಸುಗಳ ಡಬ್ಬಿ, ಅಲ್ಲಿನ ಚೌಕ ಮೂರು ಪಿನ್ನಿನ ಪ್ಲಗ್‌ಗೆ ಬೇಕಾದ ಅಡಾಪ್ಟರುಗಳು. ತೂಕ 11 ಕಿಲೋ. ಮನೆಯಲ್ಲಿ ಅದನ್ನು ಮೂರು ಸಲ ಬಿಚ್ಚಿ ಮೂರು ಸಲ ತುಂಬಿದ್ದೆ. ಉತ್ತರ ಮಲಾವಿಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿ ಕೆಲಸ ಮಾಡಲು ಹೊರಟವಳಿಗೆ ಅದಕ್ಕಿಂತ ಮುಖ್ಯವಾದ ವಸ್ತು ಬೇರೊಂದಿಲ್ಲ ಎಂದು ನಂಬಿದ್ದೆ.

ಕೌಂಟರಿನ ಹಿಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬರು ಕೂತಿದ್ದರು. ನೇರ ಹೋಗಿ, "ನನ್ನ ಚೀಲ ಬಂದಿಲ್ಲ" ಎಂದೆ.

"ಹೇಗಿದ್ದೀರಿ, ಮೇಡಂ?" ಎಂದರು.

"ಕಪ್ಪು ಚೀಲ. ಹತಾರಗಳಿವೆ ಅದರಲ್ಲಿ. ಬಂದಿಲ್ಲ."

"ಹೇಗಿದ್ದೀರಿ?"

ನನ್ನ ಇಂಗ್ಲಿಷ್ ಅವರಿಗೆ ಅರ್ಥವಾಗುತ್ತಿಲ್ಲವೇನೋ ಎಂದುಕೊಂಡು ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಸುಮ್ಮನೆ ನೋಡಿದರು. ಬೇರೆ ದಾರಿ ಕಾಣದೆ, "ಚೆನ್ನಾಗಿದ್ದೇನೆ. ನೀವು?" ಎಂದೆ. ತಕ್ಷಣ ಮುಖ ಅರಳಿತು. ತಾವೂ ಚೆನ್ನಾಗಿರುವುದಾಗಿ ತಿಳಿಸಿ, ಫಾರಂ ಎಳೆದುಕೊಂಡು, ಚೀಲದ ಬಣ್ಣ ಯಾವುದು ಎಂದು ಕೇಳಿದರು. ಆ ದೇಶದಲ್ಲಿ ನಾನು ಕಲಿತ ಮೊದಲ ಪಾಠ ಅದು. ಪಾಠ ಎಂದು ಗೊತ್ತಾಗಲು ಮಾತ್ರ ನಾಲ್ಕು ದಿನ ಹಿಡಿಯಿತು.

ಚೀಲ ಎಲ್ಲಿ ಹೋಯಿತು ಎನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ, ಯಾರ ಮೇಲೂ ಸುಮ್ಮನೆ ಅನುಮಾನ ಬರುವುದು ಬೇಡ. ತಪ್ಪು ಪೂರ್ತಿ ನನ್ನದು. ಬ್ಯಾಟರಿಯ ಸ್ಕ್ರೂಡ್ರೈವರಿಗೆಂದು ಒಂದು ಬಿಡಿ ಲಿಥಿಯಂ ಬ್ಯಾಟರಿಯನ್ನು ಅದರಲ್ಲಿ ಹಾಕಿದ್ದೆ. ಬಿಡಿ ಲಿಥಿಯಂ ಬ್ಯಾಟರಿ ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಇರಕೂಡದು. ಅದು ಪ್ರಯಾಣಿಕರ ಕೈಯಲ್ಲೇ ಇರಬೇಕು, ಹೊತ್ತಿಕೊಂಡರೆ ಕಣ್ಣಿಗೆ ಬೀಳಲಿ ಎಂದು. ಈ ನಿಯಮವನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೊರಟ ಕಡೆಯೇ ಎಕ್ಸ್‌-ರೇಯಲ್ಲಿ ಸಿಕ್ಕಿ ಚೀಲ ಪಕ್ಕಕ್ಕೆ ಸರಿದಿತ್ತು. ಧ್ವನಿವರ್ಧಕದಲ್ಲಿ ನನ್ನ ಹೆಸರು ಕೂಗಿದ್ದರಂತೆ. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಾವಿಯ ಚಿಚೆವಾ ಭಾಷೆಯ ಅಂಕಿಗಳನ್ನು ಉರುಹೊಡೆಯುತ್ತಿದ್ದೆ.

ಹೊರಡುವ ಮೊದಲಿನ ತಿಂಗಳುಗಳ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ, ಯಾರನ್ನು ಕೇಳಿದರೂ ಅದೇ ಕಥೆ. ಹಳದಿ ಜ್ವರದ ಲಸಿಕೆ ಮತ್ತು ಅದರ ಹಳದಿ ಪುಸ್ತಕ. ಚುಚ್ಚಿಸಿಕೊಂಡ 10 ದಿನದ ನಂತರ ಅದಕ್ಕೆ ಮಾನ್ಯತೆ ಬರುತ್ತದೆ, 2016ರಿಂದೀಚೆಗೆ ಜೀವಮಾನ ಪೂರ್ತಿ ನಡೆಯುತ್ತದೆ. ಮಲೇರಿಯಾ ಬಾರದಿರಲೆಂದು ದಿನಕ್ಕೊಂದು ಡಾಕ್ಸಿಸೈಕ್ಲಿನ್: ನುಂಗಿದ ಕೂಡಲೇ ಮಲಗಬಾರದು, ಬಿಸಿಲಿಗೆ ಚರ್ಮ ಸುಡುತ್ತದೆ, ಆ ನಾಡು ಬಿಟ್ಟ ಮೇಲೂ ನಾಲ್ಕು ವಾರ ಬಿಡುವಂತಿಲ್ಲ. ಒಪ್ಪಂದಕ್ಕೆ ಸಹಿ, ಜೀವನ ಭತ್ಯೆಯ ಲೆಕ್ಕ, ಪೊಲೀಸ್ ಪ್ರಮಾಣಪತ್ರ. ಹಾಗೂ ಕೆಲಸದ ವಿವರಣಾ ಪತ್ರ ಎಂಬ ನಾಲ್ಕು ಹಾಳೆಯ ದಾಖಲೆ. ಅದರಲ್ಲಿ ಒಂದು ಮಾತು ಒಂಬತ್ತು ಸಲ ಬರುತ್ತದೆ, ಎಣಿಸಿದ್ದೇನೆ: 'ಸಾಮರ್ಥ್ಯ ವರ್ಧನೆ'. ಸ್ಥಳೀಯ ಸಿಬ್ಬಂದಿಯ ಸಾಮರ್ಥ್ಯ ವರ್ಧನೆ, ನಿರ್ವಹಣಾ ವಿಭಾಗದ ಸಾಮರ್ಥ್ಯ ವರ್ಧನೆ. ಓದುತ್ತ ಓದುತ್ತ, ಅಲ್ಲಿ ಯಾರೋ ನನ್ನ ದಾರಿ ಕಾಯುತ್ತ ಕೈಕಟ್ಟಿ ಕೂತಿದ್ದಾರೆ ಎಂಬ ಚಿತ್ರ ಮನಸ್ಸಿನಲ್ಲಿ ತಾನಾಗಿ ಮೂಡಿತ್ತು. ಆ ಚಿತ್ರ ನನಗೆ ಹಿತವಾಗಿತ್ತು ಎಂದು ಒಪ್ಪಿಕೊಳ್ಳಲು ಈಗ ನಾಚಿಕೆ.

ನಮ್ಮ ಕಡೆಯಿಂದ ಹೀಗೆ ಹೊರಡುವವರು ಹಿಂದೆ ಕಡಿಮೆ. ಬ್ರಿಟನ್ನಿನಲ್ಲಿ ಸಾಗರೋತ್ತರ ಸ್ವಯಂಸೇವೆಯ ಸಂಸ್ಥೆ ಹುಟ್ಟಿದ್ದು 1958ರಲ್ಲಿ, ಅಮೆರಿಕದ ಪೀಸ್ ಕೋರ್ 1961ರಲ್ಲಿ. ಶ್ರೀಮಂತ ದೇಶದ ಹುಡುಗರು ಬಡ ದೇಶಕ್ಕೆ ಹೋಗಿ ಪಾಠ ಹೇಳುವುದು ಆಗಿನ ಏರ್ಪಾಡು. 1970ರಲ್ಲಿ ವಿಶ್ವಸಂಸ್ಥೆ ತನ್ನ ಸ್ವಯಂಸೇವಕರ ಕಾರ್ಯಕ್ರಮ ಶುರು ಮಾಡಿದಾಗ ಎಲ್ಲ ದೇಶದವರಿಗೂ ಬಾಗಿಲು ತೆರೆಯಿತು. ಇದನ್ನೆಲ್ಲ ಓದಿಕೊಂಡಿದ್ದ ನಾನು, ನಮ್ಮಂಥವರು ಹೋದರೆ ಆ ಹಳೆಯ ದೊಡ್ಡಸ್ತಿಕೆ ಇರುವುದಿಲ್ಲ ಎಂದು ಭಾವಿಸಿದ್ದೆ. ದೊಡ್ಡಸ್ತಿಕೆಗೆ ಪಾಸ್‌ಪೋರ್ಟಿನ ಬಣ್ಣ ಬೇಕಾಗುವುದಿಲ್ಲ ಎಂಬುದು ಆಗ ಹೊಳೆದಿರಲಿಲ್ಲ.

ಅಡಿಸ್ ಅಬಾಬದಲ್ಲಿ ವಿಮಾನ ಬದಲಿಸುವಾಗ ಒಂದು ಕಾಫಿ ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಏಳು ವರ್ಷ ಹಿಂದಿನ ಇಸವಿ ಇತ್ತು. ಹಳೆಯದನ್ನು ತೆಗೆಯಲು ಮರೆತಿದ್ದಾರೆ ಎಂದುಕೊಂಡೆ. ಮರೆತಿರಲಿಲ್ಲ. ಇಥಿಯೋಪಿಯಾದ ಪಂಚಾಂಗವೇ ಬೇರೆ, ಅದರಲ್ಲಿ 13 ತಿಂಗಳು, ನಾವು ನವೆಂಬರಿನಲ್ಲಿದ್ದರೆ ಅವರು ಏಳು ವರ್ಷ ಹಿಂದಿರುತ್ತಾರೆ. ಏಳು ವರ್ಷ ವಾಪಸು ಸಿಕ್ಕಿದ ಖುಷಿಯಲ್ಲಿ ಎರಡನೆಯ ಕಾಫಿ ಕುಡಿದೆ. ಚೀಲ ನನ್ನ ಹಿಂದೆ ಬರುತ್ತಿಲ್ಲ ಎಂದು ಅಷ್ಟು ಹೊತ್ತಿಗೆ ಗೊತ್ತಿರಲಿಲ್ಲವಲ್ಲ.

ಲಿಲೋಂಗ್ವೆಯಲ್ಲಿ ನಾಲ್ಕು ದಿನದ ತರಬೇತಿ. ಈ ನಗರ ರಾಜಧಾನಿಯಾದದ್ದು 1975ರಲ್ಲಿ, ಅದಕ್ಕೆ ಮೊದಲು ದಕ್ಷಿಣದ ಜೋಂಬಾ ರಾಜಧಾನಿ. ಬಡಾವಣೆಗಳಿಗೆಲ್ಲ ಸಂಖ್ಯೆ: ಏರಿಯಾ 3, ಏರಿಯಾ 18, ಏರಿಯಾ 47. ಒಂದರ ಪಕ್ಕ ಎರಡು ಇರುತ್ತದೆ ಎಂದು ನಂಬಿ ನಡೆದರೆ ಕೆಟ್ಟಿರಿ. ಕಟ್ಟಿದ ಕ್ರಮದಲ್ಲಿ ಸಂಖ್ಯೆ ಕೊಟ್ಟಿದ್ದಾರೆ, ಇರುವ ಕ್ರಮದಲ್ಲಿ ಅಲ್ಲ. ನವೆಂಬರಿನ ಮೊದಲ ವಾರ, ಮಳೆ ಇನ್ನೂ ಬಿದ್ದಿರಲಿಲ್ಲ. ಜಕರಂಡಾ ಮರಗಳ ಕೆಳಗೆ ನೇರಳೆ ಹೂ ಹಾಸಿತ್ತು, ಕೆಂಪು ಧೂಳು ಅದರ ಮೇಲೆ ಕೂತಿತ್ತು.

ಭಾಷೆ ಕಲಿಸಲು ಬಂದವರು ಐವತ್ತು ದಾಟಿದ ಒಬ್ಬ ಹೆಂಗಸು. ದೊಡ್ಡ ದನಿ, ನಗು ಇನ್ನೂ ದೊಡ್ಡದು. ನಾವು ಆರು ಜನ ಪುಸ್ತಕ ತೆರೆದು ಕೂತರೆ ಪುಸ್ತಕ ಮುಚ್ಚಿಸಿದರು. ಇಡೀ ಮೊದಲ ದಿನ ಬರೀ ನಮಸ್ಕಾರ. "ಮುಲಿ ಬ್ವಾಂಜಿ?" ಹೇಗಿದ್ದೀರಿ? "ನ್ದಿಲಿ ಬ್ವಿನೊ, ಕಾಯಾ ಇನು?" ಚೆನ್ನಾಗಿದ್ದೇನೆ, ನೀವೋ? ಬೆಳಿಗ್ಗೆಯಾದರೆ ಹೇಗೆ ಎದ್ದಿರಿ ಎಂದು ಕೇಳಬೇಕು, ಮಧ್ಯಾಹ್ನ ಕಳೆದರೆ ದಿನ ಹೇಗೆ ಹೋಯಿತು ಎಂದು. ಹಿರಿಯರಾದರೆ ಅಂಗೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿ ಸ್ವಲ್ಪ ಮಂಡಿ ಬಾಗಿಸಬೇಕು. ಏನಾದರೂ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಇಲ್ಲವೇ ಬಲಗೈ ಚಾಚಿ ಎಡಗೈಯಿಂದ ಅದರ ಮಣಿಕಟ್ಟು ಮುಟ್ಟಬೇಕು.

ನನಗೆ ಅಸಹನೆ. "ಅಮಾಯಿ, ಆಸ್ಪತ್ರೆಯಲ್ಲಿ ಬೇಕಾಗುವ ಮಾತು ಕಲಿಸಿ. ಎಲ್ಲಿ ಕೆಟ್ಟಿದೆ, ಯಾವಾಗ ನಿಂತಿತು, ಯಾರು ಬಿಚ್ಚಿದ್ದರು, ಇಂಥವು" ಎಂದೆ. ವಿವಾಹಿತ ಹೆಂಗಸರನ್ನು, ಹಿರಿಯರನ್ನು ಅಮಾಯಿ ಎಂದೇ ಕರೆಯುವುದು.

"ಅದನ್ನು ಇಂಗ್ಲಿಷಿನಲ್ಲಿ ಕೇಳಬಹುದು. ಇದನ್ನು ಕೇಳಲಿಕ್ಕೆ ಆಗುವುದಿಲ್ಲ" ಎಂದರು. ಆಮೇಲೆ, ವಿಮಾನ ನಿಲ್ದಾಣದ ಕೌಂಟರಿನ ನನ್ನ ಕಥೆ ಕೇಳಿ ಕಣ್ಣೀರು ಬರುವಷ್ಟು ನಕ್ಕರು. "ಪಾಪ, ಆತ ಎರಡು ಸಲ ಕೇಳಿದರೇ? ಒಳ್ಳೆಯ ಮನುಷ್ಯ. ನಾನಾಗಿದ್ದರೆ ಮೊದಲನೆಯ ಸಲಕ್ಕೇ ಊಟಕ್ಕೆ ಎದ್ದು ಹೋಗುತ್ತಿದ್ದೆ."

ದುಡ್ಡಿನ ಪಾಠವನ್ನೂ ಅವರೇ ಮಾಡಿದ್ದು. ಕ್ವಾಚಾ ಎಂದರೆ ಬೆಳಗಾಯಿತು ಎಂದರ್ಥ, ಅದರ ನೂರನೆಯ ಒಂದು ಪಾಲಿಗೆ ತಂಬಾಲಾ, ಎಂದರೆ ಹುಂಜ. 1971ರಲ್ಲಿ ಪೌಂಡನ್ನು ಬಿಟ್ಟು ಈ ನಾಣ್ಯ ತಂದಾಗ ಇಟ್ಟ ಹೆಸರುಗಳು. ಬೆಲೆ ಏರಿ ಏರಿ ಈಗ ಹುಂಜಕ್ಕೆ ಏನೂ ಬರುವುದಿಲ್ಲ, ಬೆಳಗಿಗೂ ಕಂತೆ ಕಟ್ಟಿಕೊಂಡೇ ಹೋಗಬೇಕು.

ಐದನೆಯ ದಿನ ನಸುಕಿನಲ್ಲಿ ಬಸ್ ನಿಲ್ದಾಣ. ಜೊತೆಗೆ ಬರಬೇಕಿದ್ದ ಸಂಸ್ಥೆಯ ಚಾಲಕರಿಗೆ ಜ್ವರ. ನಾನೇ ಹೋಗುತ್ತೇನೆ, ಬಸ್ಸಿನಲ್ಲಿ ಎಷ್ಟು ಜನ ಹೋಗುವುದಿಲ್ಲ ಎಂದು ಹಟ ಹಿಡಿದೆ. ಟಿಕೆಟಿನ ಮೇಲೆ ಹೊರಡುವ ಹೊತ್ತು ಬರೆದಿತ್ತು. ಬಸ್ ಹೊರಟದ್ದು ಅದು ತುಂಬಿದಾಗ, ಅಂದರೆ ಎರಡೂಕಾಲು ಗಂಟೆ ತಡವಾಗಿ. ಅಷ್ಟರೊಳಗೆ ಕಿಟಕಿಗೆ ಬಂದದ್ದು: ಬೇಯಿಸಿದ ಮೊಟ್ಟೆ ಮತ್ತು ಕಾಗದದಲ್ಲಿ ಸುತ್ತಿದ ಉಪ್ಪು, ಹುರಿದ ಶೇಂಗಾ, ಮಂಡಾಸಿ ಎಂಬ ಕರಿದ ಹಿಟ್ಟಿನ ಉಂಡೆ, ಫೋನ್ ಚಾರ್ಜರ್, ಗೋಡೆ ಗಡಿಯಾರ, ಒಂದು ಜೀವಂತ ಕೋಳಿ. ಹೊರಡುವ ಮುನ್ನ ಒಬ್ಬ ಬೋಧಕರು ಹತ್ತಿ, ಡ್ರೈವರನ ಕಣ್ಣಿಗೂ ಬ್ರೇಕಿಗೂ ಟೈರಿಗೂ ಬೇರೆಬೇರೆಯಾಗಿ ಪ್ರಾರ್ಥನೆ ಸಲ್ಲಿಸಿ ಇಳಿದರು. ಟೈರನ್ನು ನೋಡಿದ್ದರಿಂದ ನಾನೂ ಭಕ್ತಿಯಿಂದ ತಲೆಬಾಗಿಸಿದೆ.

ಎಂ-1 ಎನ್ನುವ ಆ ಒಂದು ಹೆದ್ದಾರಿ ದೇಶದ ಉದ್ದಕ್ಕೂ ಬೆನ್ನುಮೂಳೆಯ ಹಾಗೆ ಹರಿದಿದೆ. ಕಸುಂಗು ದಾಟುವವರೆಗೆ ಎರಡೂ ಬದಿ ಬಯಲು, ಉದ್ದುದ್ದ ದಿಂಡು ಕಟ್ಟಿದ ಹೊಲಗಳು. ಮೆಕ್ಕೆಜೋಳಕ್ಕೂ ತಂಬಾಕಿಗೂ ಎಲ್ಲ ತಯಾರಿ ಮುಗಿಸಿ, ಗುದ್ದಲಿ ಮೂಲೆಗಿಟ್ಟು, ಇಡೀ ನಾಡು ಮೋಡ ನೋಡುತ್ತ ಕೂತಂತಿತ್ತು. ದಾರಿಯಲ್ಲಿ ಅಲ್ಲಲ್ಲಿ ಪೊಲೀಸ್ ತಡೆಗಳು. ಪ್ರತಿ ತಡೆಯಲ್ಲೂ ಪೊಲೀಸರು ಡ್ರೈವರನನ್ನು ಹೇಗಿದ್ದೀರಿ ಎಂದು ಕೇಳುವುದು, ಆತ ಚೆನ್ನಾಗಿದ್ದೇನೆ ನೀವು ಎನ್ನುವುದು, ಆಮೇಲೆ ಕಾಗದ ತೋರಿಸುವುದು. ನಾನೀಗ ಇದನ್ನು ಗಮನಿಸತೊಡಗಿದ್ದೆ.

ನನ್ನ ಪಕ್ಕ ಕಿಟಕಿಯ ಕಡೆ ಒಬ್ಬ ನಿವೃತ್ತ ಮೇಷ್ಟ್ರು. ಕೋಟು, ಟೈ, ತೊಡೆಯ ಮೇಲೆ ಟೋಪಿ. 1964ರ ಜುಲೈ 6ರಂದು ಸ್ವಾತಂತ್ರ್ಯ ಬಂದಾಗ ತಾವು ಪ್ರಾಥಮಿಕ ಶಾಲೆಯ ಹುಡುಗ ಎಂದು ಹೇಳಿಕೊಂಡರು. ನನ್ನ ಪ್ಯಾಂಟನ್ನು ನೋಡಿ, "ಬಾಂಡಾ ಕಾಲದಲ್ಲಿ ನೀವು ಹೀಗೆ ಇಳಿದಿದ್ದರೆ ವಿಮಾನ ನಿಲ್ದಾಣದಲ್ಲೇ ಬಟ್ಟೆ ಬದಲಾಯಿಸಬೇಕಿತ್ತು" ಎಂದು ನಕ್ಕರು. ಹೇಸ್ಟಿಂಗ್ಸ್ ಬಾಂಡಾ 1994ರವರೆಗೆ ಆಳಿದ ಮೂವತ್ತು ವರ್ಷದಲ್ಲಿ ಹೆಂಗಸರು ಪ್ಯಾಂಟ್ ತೊಡುವಂತಿರಲಿಲ್ಲ, ಗಂಡಸರು ಕೂದಲು ಬಿಡುವಂತಿರಲಿಲ್ಲ.

ನಾನು ನಾಲ್ಕು ದಿನ ಕಲಿತದ್ದನ್ನೆಲ್ಲ ಅವರ ಮುಂದೆ ಒಪ್ಪಿಸಿದೆ. ಕೊನೆಯವರೆಗೂ ಕೇಳಿ, "ಬಹಳ ಚೆನ್ನಾಗಿ ಹೇಳಿದಿರಿ. ಆದರೆ ನೀವು ಹೋಗುತ್ತಿರುವ ಊರಿನಲ್ಲಿ ಇದು ನಡೆಯುತ್ತದೆ, ಓಡುವುದಿಲ್ಲ" ಎಂದರು. ಉತ್ತರದವರ ಭಾಷೆ ಟುಂಬುಕಾ. 1968ರಲ್ಲಿ ಚಿಚೆವಾವನ್ನು ರಾಷ್ಟ್ರಭಾಷೆ ಮಾಡಿದಾಗ ಟುಂಬುಕಾವನ್ನು ಶಾಲೆಯಿಂದಲೂ ರೇಡಿಯೋದಿಂದಲೂ ತೆಗೆದುಹಾಕಿದರು. "ಮಕ್ಕಳು ಮನೆಯಲ್ಲಿ ಒಂದು ಭಾಷೆಯಲ್ಲಿ ಅಳುತ್ತಿದ್ದವು, ಶಾಲೆಯಲ್ಲಿ ಇನ್ನೊಂದರಲ್ಲಿ ಎಣಿಸುತ್ತಿದ್ದವು. ನಾನು ಮೇಷ್ಟ್ರು, ನಾನೇ ಎಣಿಸಲು ಹೇಳುತ್ತಿದ್ದೆ" ಎಂದು ಟೋಪಿಯ ಅಂಚನ್ನು ಉಗುರಿನಿಂದ ಉಜ್ಜಿದರು. ಸರ್ಕಾರ ಬದಲಾದ ಮೇಲೆ ರೇಡಿಯೋದಲ್ಲಿ ಟುಂಬುಕಾ ಮತ್ತೆ ಕೇಳಿದ ದಿನದ ಬಗ್ಗೆ ಕೇಳಿದೆ. ಉತ್ತರ ಕೊಡಲಿಲ್ಲ. ಆ ಮಾತನ್ನು ಬಿಟ್ಟು ನನಗೆ ಪಾಠ ಶುರು ಮಾಡಿದರು: "ಮುಲಿ ಉಲಿ?" "ನಿಲಿ ಮಕೊರಾ, ಕ್ವಾಲಿ ಇಮ್ವೆ?" ಧನ್ಯವಾದಕ್ಕೆ "ಯೆವೊ". ಮುಂದಿನ ಸೀಟಿನವರು, ಹಿಂದಿನ ಸೀಟಿನವರು, ಕೋಳಿಯ ಒಡತಿ ಎಲ್ಲರೂ ನನ್ನ ಉಚ್ಚಾರಣೆ ತಿದ್ದುವುದಕ್ಕೆ ಸೇರಿಕೊಂಡರು. 22 ವರ್ಷದ ಅನುಭವದ ತಜ್ಞೆ ಒಂದು ಬಸ್ಸಿನ ತುಂಬ ಮೇಷ್ಟ್ರುಗಳ ನಡುವೆ ಸಿಕ್ಕಿಬಿದ್ದಳು.

ಇನ್ನೊಂದು ಸಂಗತಿಯನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ, ಇಂಥ ಪ್ರಯಾಣಗಳ ಬಗ್ಗೆ ಬರೆಯುವವರು ಇದನ್ನು ಬಿಟ್ಟೇ ಬಿಡುತ್ತಾರೆ. ನಾಲ್ಕು ಗಂಟೆ ಕಳೆದ ಮೇಲೆ ಬಸ್ ಒಂದು ಬಯಲಲ್ಲಿ ನಿಂತಿತು. ಗಂಡಸರು ಒಂದು ಬದಿ, ಹೆಂಗಸರು ಇನ್ನೊಂದು ಬದಿ. ಮರವಿಲ್ಲ, ಪೊದೆಯಿಲ್ಲ, ಸುಟ್ಟ ಹುಲ್ಲಿನ ಮೋಟು ಬಿಟ್ಟರೆ ಏನೂ ಇಲ್ಲ. ಉಳಿದ ಹೆಂಗಸರೆಲ್ಲ ಸೊಂಟಕ್ಕೆ ಚಿತೆಂಜೆ ಸುತ್ತಿದ್ದರು. ಅದು ಎರಡು ಮೀಟರಿನ ಅಚ್ಚಿನ ಬಟ್ಟೆ, ಉಡುವುದಕ್ಕೂ ಮಗುವನ್ನು ಬೆನ್ನಿಗೆ ಕಟ್ಟುವುದಕ್ಕೂ ಹೊರೆಗೆ ಸಿಂಬಿ ಸುತ್ತುವುದಕ್ಕೂ ಆಗುತ್ತದೆ. ಅದೇ ಅವರಿಗೆ ಕೋಣೆಯೂ ಆಯಿತು. ಪ್ಯಾಂಟಿನವಳು ನಾನೊಬ್ಬಳೇ, ಡೇರೆಯ ಕಂಬದ ಹಾಗೆ ನಿಂತಿದ್ದೆ. ಕೋಳಿಯ ಒಡತಿ ನನ್ನ ಮುಖ ನೋಡಿದರು. ಕೋಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹೆಗಲ ಮೇಲಿದ್ದ ಇನ್ನೊಂದು ಚಿತೆಂಜೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಮುಖ ಆ ಕಡೆ ತಿರುಗಿಸಿ ನಿಂತರು. ಹಳದಿ ಬಟ್ಟೆ, ಅದರ ಮೇಲೆ ನೀಲಿ ಮೀನುಗಳು. ಗಾಳಿಗೆ ಮೀನುಗಳು ಅಲುಗಾಡುತ್ತಿದ್ದವು. ಅದರ ಮೇಲಂಚಿನಿಂದ ಕೋಳಿ ನನ್ನನ್ನೇ ನೋಡುತ್ತಿತ್ತು.

ಎದ್ದು ಬಂದು "ಯೆವೊ" ಎಂದೆ. ಆ ಭಾಷೆಯಲ್ಲಿ ನಾನು ಮನಸಾರೆ ಆಡಿದ ಮೊದಲ ಮಾತು.

ಮಧ್ಯಾಹ್ನದ ಮೇಲೆ ವಿಫ್ಯಾ ಪ್ರಸ್ಥಭೂಮಿ. ಇದ್ದಕ್ಕಿದ್ದಂತೆ ತಂಪು, ಪೈನ್ ಮರಗಳ ವಾಸನೆ. ಚಿಕಾಂಗಾವಾ ಎಂಬ ಈ ಕಾಡು ಆಫ್ರಿಕಾದಲ್ಲಿ ಮನುಷ್ಯರು ನೆಟ್ಟು ಬೆಳೆಸಿದ ದೊಡ್ಡ ಕಾಡುಗಳಲ್ಲೊಂದು. ಕಾಗದದ ತಿರುಳು ತಯಾರಿಸುವ ಕಾರ್ಖಾನೆಗೆಂದು ನೆಟ್ಟದ್ದು. ಕಾರ್ಖಾನೆ ಬರಲೇ ಇಲ್ಲ. ಮರಗಳು ಬೆಳೆದವು, ಜನ ಹಲಗೆ ಕೊಯ್ದರು, ಬೆಂಕಿ ಬಿತ್ತು, ಮತ್ತೆ ನೆಟ್ಟರು. ಮೇಷ್ಟ್ರು ಇದನ್ನು ಹೇಳಿ, "ಯೋಜನೆ ಮಾಡಿದವರು ಒಳ್ಳೆಯವರೇ ಇದ್ದರು" ಎಂದು ಸೇರಿಸಿದರು. ನನ್ನ ಕೈಚೀಲದಲ್ಲಿದ್ದ ನಾಲ್ಕು ಹಾಳೆಗಳ ನೆನಪಾಯಿತು.

ಉತ್ತರದ ಮ್ಜೂಜೂ ನಗರ ತಲುಪುವಾಗ ಕತ್ತಲೆ. ಮೇಷ್ಟ್ರು ಇಳಿದು ಟೋಪಿ ಇಟ್ಟುಕೊಂಡು, ನಾನು ಉಳಿಯಬೇಕಿದ್ದ ಅತಿಥಿಗೃಹದವರೆಗೆ ನಡೆದು ಬಂದು, ಬಾಗಿಲಲ್ಲಿ "ಓದಿ!" ಎಂದು ಕೂಗಿ, ಒಳಗಿನಿಂದ ಜನ ಬಂದ ಮೇಲೆಯೇ ಹೋದರು. ಬಾಗಿಲು ಬಡಿಯುವ ಬದಲು ಹಾಗೆ ಕೂಗುವುದು ಅಲ್ಲಿನ ಪದ್ಧತಿ. ಅವರ ಮನೆ ಊರಿನ ಇನ್ನೊಂದು ತುದಿಯಲ್ಲಿದೆ ಎಂದು ಮರುದಿನ ತಿಳಿಯಿತು.

ಮರುದಿನ ಮಾರುಕಟ್ಟೆಯಲ್ಲಿ ಮೊದಲು ಮಾಡಿದ ಕೆಲಸ ಒಂದು ಚಿತೆಂಜೆ ಕೊಂಡದ್ದು. ಮೀನಿನದು ಸಿಗಲಿಲ್ಲ, ಸೈಕಲ್ ಚಿತ್ರದ್ದು ಸಿಕ್ಕಿತು. ಅದನ್ನು ಪ್ಯಾಂಟಿನ ಮೇಲೇ ಸುತ್ತಿಕೊಂಡು ಮಿನಿಬಸ್ ಹತ್ತಿದೆ. ಮ್ಜೂಜೂ ಸಮುದ್ರಮಟ್ಟದಿಂದ 1,200 ಮೀಟರಿಗೂ ಎತ್ತರದಲ್ಲಿದೆ, ನಾನು ಹೋಗಬೇಕಿದ್ದ ಮಲಾವಿ ಸರೋವರದ ದಂಡೆ 500 ಮೀಟರಿಗಿಂತಲೂ ಕಡಿಮೆ ಎತ್ತರದಲ್ಲಿ. ಈ ವ್ಯತ್ಯಾಸವನ್ನು ರಸ್ತೆ ಹೆಚ್ಚುಕಡಿಮೆ ಕೊನೆಯ ಗಳಿಗೆಯವರೆಗೆ ಮುಂದೂಡುತ್ತದೆ. ಹೊಳೆಯ ಕಣಿವೆ ಹಿಡಿದು ಹೋಗುತ್ತ ಹೋಗುತ್ತ, ಚಿವೆಟಾದ ಮೇಲಿನ ಒಂದು ತಿರುವಿನಲ್ಲಿ ನೆಲ ಮುಗಿಯಿತು. ಕೆಳಗೆ ನೀಲಿ. ಆಕಾಶವೋ ನೀರೋ ಎಂದು ಗೊತ್ತಾಗಲು ಇನ್ನೊಂದು ತಿರುವು ಬೇಕಾಯಿತು. ಮಲಾವಿ ಸರೋವರದ ಉದ್ದ ಸುಮಾರು 580 ಕಿಲೋಮೀಟರ್, ಆಳ ಕೆಲವು ಕಡೆ 700 ಮೀಟರ್. ಉದ್ದ 365 ಮೈಲಿ, ಅಗಲ 52 ಮೈಲಿ, ಅದಕ್ಕೇ ಇದು ಕ್ಯಾಲೆಂಡರ್ ಸರೋವರ ಎಂದು ಹೇಳುತ್ತಾರೆ. ಅಗಲ ಅಷ್ಟಿಲ್ಲ, ಲೆಕ್ಕ ಚೆಂದಕ್ಕೆ ಹೊಂದಲಿ ಎಂದು ಎಳೆದದ್ದು. ಮಿನಿಬಸ್ಸಿನಲ್ಲಿ ಯಾರೂ ಹೊರಗೆ ನೋಡಲಿಲ್ಲ. ಇಪ್ಪತ್ತೆರಡು ಜನರ ನಡುವೆ ನನ್ನ ಮೊಣಕಾಲು ನನ್ನ ಗಲ್ಲಕ್ಕೆ ತಾಗುತ್ತಿತ್ತು. ಬ್ರೇಕಿನ ವಾಸನೆ ಬರುತ್ತಿತ್ತು. ನಿನ್ನೆಯ ಬೋಧಕರು ಇದಕ್ಕೂ ಹತ್ತಬೇಕಿತ್ತು.

ದಂಡೆಯ ಆ ಊರಿನ ಹೆಸರು ಬರೆಯುವುದಿಲ್ಲ, ಚಿಕ್ಕ ಊರು, ಯಾರು ಯಾರು ಎಂದು ಗೊತ್ತಾಗಿಬಿಡುತ್ತದೆ. ಮಿನಿಬಸ್ ಎರಡು ಸಲ ಕೆಟ್ಟು ನಿಂತು ಇಳಿಸುವಾಗ ಸೂರ್ಯ ಹಿಂದಿನ ಬೆಟ್ಟದ ಆಚೆ ಹೋಗಿದ್ದ. ಮೇಲಿನ ತಂಪು ಇಲ್ಲ, ಸೆಕೆ ಮೈಗೆ ಅಂಟುತ್ತಿತ್ತು. ಊರಿಗೆ ಊರೇ ಕತ್ತಲು: ವಿದ್ಯುತ್ ಹೋಗಿತ್ತು. ಸರೋವರದ ಆಚೆ ದಂಡೆಯಲ್ಲಿ ಮಾತ್ರ ಸಾಲಾಗಿ ದೀಪ. ಅಲ್ಲಿ ದೊಡ್ಡ ಪಟ್ಟಣವಿರಬೇಕು, ಅದು ತಾಂಜಾನಿಯಾ ಅಲ್ಲವೇ ಎಂದು ನನ್ನ ನೀಲಿ ಚೀಲ ಹೊತ್ತುಕೊಂಡ ಹುಡುಗನನ್ನು ಕೇಳಿದೆ. ಅವನು ದೀಪಗಳನ್ನೂ ನನ್ನನ್ನೂ ನೋಡಿ, "ದೋಣಿಗಳು" ಎಂದ. ಅಮಾವಾಸ್ಯೆಯ ಆಸುಪಾಸಿನಲ್ಲಿ ಮೀನುಗಾರರು ದೀಪ ಹಚ್ಚಿ ಕೂರುತ್ತಾರೆ, ಬೆಳಕಿಗೆ ಉಸಿಪಾ ಎಂಬ ಕಿರುಬೆರಳಷ್ಟು ಬೆಳ್ಳಿ ಮೀನು ಮೇಲೆ ಬರುತ್ತದೆ. ನಾನು ಪಟ್ಟಣವೆಂದುಕೊಂಡದ್ದು ನೋಡನೋಡುತ್ತಿದ್ದಂತೆ ನಿಧಾನಕ್ಕೆ ಎಡಕ್ಕೆ ಸರಿಯಿತು.

ಆಸ್ಪತ್ರೆಯ ಹಿಂಭಾಗದಲ್ಲಿ ನಿರ್ವಹಣಾ ವಿಭಾಗ ಎಂದು ಬರೆದ ಒಂದು ಕೋಣೆ. ಹೊರಗೆ ನಿಂತು "ಓದಿ!" ಎಂದೆ. "ಓದಿನಿ!" ಎಂದು ಒಳಗಿನಿಂದ ದನಿ ಬಂತು. ಒಬ್ಬ ಹಿರಿಯರು, ಅರವತ್ತರ ಹತ್ತಿರ, ನೆಲದ ಮೇಲೆ ಕೂತಿದ್ದರು. ಎದುರಿಗೆ ಮೈ ಬಿಚ್ಚಿದ ಆಕ್ಸಿಜನ್ ಕಾನ್ಸಂಟ್ರೇಟರ್. ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ 21. ಈ ಯಂತ್ರ ಗಾಳಿ ಎಳೆದು, ಒಳಗಿನ ಜಿಯೊಲೈಟ್ ಹರಳುಗಳಲ್ಲಿ ಸಾರಜನಕವನ್ನು ಹಿಡಿದಿಟ್ಟು, ಶೇ 93ರಷ್ಟು ಆಮ್ಲಜನಕ ಹೊರಗೆ ಬಿಡುತ್ತದೆ. ಸಿಲಿಂಡರ್ ಬರುವುದು ದೂರವಾದ ಊರಿನಲ್ಲಿ ನ್ಯುಮೋನಿಯಾ ಬಂದ ಕೂಸಿಗೆ ಅದೇ ಉಸಿರು.

ಬಾಯಿಗೆ ಬಂದ ಪ್ರಶ್ನೆ, ಏನಾಗಿದೆ ಇದಕ್ಕೆ ಎಂದು. ನುಂಗಿಕೊಂಡೆ. ಮಂಡಿ ಬಾಗಿಸಿ, "ಮುಲಿ ಉಲಿ?" ಎಂದೆ.

ಅವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಅಂಗೈ ಒರೆಸಿಕೊಂಡು, "ನಿಲಿ ಮಕೊರಾ, ಕ್ವಾಲಿ ಇಮ್ವೆ?" ಎಂದರು. ನಾನು ಚೆನ್ನಾಗಿದ್ದೇನೆ ಎಂದೆ. ಮನೆಯವರು? ಚೆನ್ನಾಗಿದ್ದಾರೆ. ದಾರಿ? ಬಹಳ ಚೆನ್ನಾಗಿತ್ತು. ಆಮೇಲೆ ಅವರು ಇಂಗ್ಲಿಷಿಗೆ ಬಂದರು. "ನೀವು ಬರುವುದು ನಾಳೆ ಎಂದುಕೊಂಡಿದ್ದೆ. ನಿಮ್ಮ ಹತಾರ?"

ಬ್ಯಾಟರಿಯ ಕಥೆ ಹೇಳಿದೆ. ನಗಲಿಲ್ಲ. ಸೈಕಲ್ ಚಿತ್ರದ ನನ್ನ ಚಿತೆಂಜೆಯ ಮೇಲೆ ಒಮ್ಮೆ ಕಣ್ಣಾಡಿಸಿ, ಪಕ್ಕದಲ್ಲಿದ್ದ ಹಾಲುಪುಡಿಯ ಡಬ್ಬವನ್ನು ನನ್ನ ಕಡೆ ಸರಿಸಿದರು. ಒಳಗೆ ಸ್ಕ್ರೂಡ್ರೈವರ್ ಒಂದೇ. ಹಿಡಿ ಎಂದೋ ಒಡೆದುಹೋಗಿ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದರು, ರಬ್ಬರು ಅವರ ಬೆರಳುಗಳ ಅಚ್ಚಿಗೆ ಸರಿಯಾಗಿ ಸವೆದಿತ್ತು. ತುದಿ ಮಸೆದ ಸೈಕಲ್ ಕಡ್ಡಿಗಳು ನಾಲ್ಕು, ದಪ್ಪದ ಕ್ರಮದಲ್ಲಿ. ಖಾಲಿ ಔಷಧಿ ಸೀಸೆಗಳಲ್ಲಿ ಸ್ಕ್ರೂಗಳು, ಒಂದೊಂದು ಅಳತೆಗೆ ಒಂದೊಂದು ಸೀಸೆ. ಕತ್ತರಿಸಿದ ಟ್ಯೂಬಿನ ಉಂಗುರಗಳು. ಹಲ್ಲುಜ್ಜುವ ಬ್ರಷ್. ಒಟ್ಟು ಒಂದು ಕಿಲೋ ಇರಬಹುದು.

ಯಂತ್ರದೊಳಗೆ ಇಣುಕಿದೆ. ಗಾಳಿ ಸೋಸುವ ಫಿಲ್ಟರ್ ಕೆಂಪು ಧೂಳಿನಿಂದ ಕಟ್ಟಿತ್ತು, ಅದನ್ನು ತೆಗೆದು ಒಣಗಲು ಇಟ್ಟಿದ್ದರು. ಕಂಪ್ರೆಸರಿನಿಂದ ಬರುವ ಕೊಳವೆ ಬಿಸಿಗೆ ಹಿಗ್ಗಿ ಜಾರಿತ್ತು. ಅಲ್ಲಿಗೆ ಒಂದು ಟ್ಯೂಬಿನ ಉಂಗುರ ಏರಿಸಲು ಹೊರಟಿದ್ದರು. ಕೈಪಿಡಿಯಲ್ಲಿ ಅದಕ್ಕೆ ಒಪ್ಪಿಗೆಯಿಲ್ಲ, ಆ ಜಾಗಕ್ಕೆ ಇಂಥದ್ದೇ ಕ್ಲಾಂಪ್ ಎಂದು ಬರೆದಿದೆ. ಆ ಕ್ಲಾಂಪುಗಳು ನನ್ನ ಕಪ್ಪು ಚೀಲದಲ್ಲಿ ಹನ್ನೆರಡು ಇದ್ದವು. ಬಾಯಿ ತೆರೆದೆ, ಮುಚ್ಚಿದೆ.

"ವಿದ್ಯುತ್ ಬರುವವರೆಗೆ ಕಾಯಬಾರದೇ?" ಎಂದು ಮಾತ್ರ ಕೇಳಿದೆ.

"ವಿದ್ಯುತ್ ಇದ್ದಾಗ ಎಲ್ಲ ಯಂತ್ರವೂ ವಾರ್ಡಿಗೆ ಬೇಕು. ಬಿಚ್ಚಲು ಸಿಗುವುದು ಈಗಲೇ" ಎಂದರು.

ಅವರ ಬಾಯಲ್ಲಿದ್ದ ಟಾರ್ಚನ್ನು ನಾನು ಆಗ ಗಮನಿಸಿದ್ದು. ಮಾತಾಡುವಾಗ ತೆಗೆಯುತ್ತಿದ್ದರು, ಮಾತು ಮುಗಿದ ಮೇಲೆ ಮತ್ತೆ ಕಚ್ಚಿಕೊಳ್ಳುತ್ತಿದ್ದರು. ಅದನ್ನು ಅಂಗಿಗೆ ಒರೆಸಿ ನನ್ನ ಕಡೆ ಚಾಚಿದರು. ಎರಡೂ ಕೈಯಲ್ಲಿ ತೆಗೆದುಕೊಂಡು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಅವರು ಉಂಗುರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಕೊಳವೆಯ ಬಾಯಿಗೆ ತಂದರು. ನನ್ನ ತಲೆಯ ನೆರಳು ಸರಿಯಾಗಿ ಆ ಜಾಗದ ಮೇಲೆಯೇ ಬಿತ್ತು.

"ಸ್ವಲ್ಪ ಎಡಕ್ಕೆ, ಅಮಾಯಿ" ಎಂದರು.

ಸರಿದೆ.